ವಾರವಾರ ಮಾರಾಟವಾ, ಸುಮ್ನೆ ಇಟ್ಟುಕೊಳ್ಳೋದಾ?

ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ಸೋಮವಾರ ಕೊಂಡ ಶೇರನ್ನು ಶುಕ್ರವಾರ ಮಾರುತ್ತಿದ್ದವನು ನಾನೇ. ಡೆಲಿವರಿಗೆ, ಅಂದರೆ ಶೇರು ನಮ್ಮ ಖಾತೆಗೇ ಬರುವಂತೆ, ಕೊಳ್ಳುವಾಗ 0.1%, ಮಾರುವಾಗ ಮತ್ತೆ 0.1% ಎಸ್‌ಟಿಟಿ (ವಹಿವಾಟಿನ ಮೊತ್ತದ ಮೇಲಿನ ತೆರಿಗೆ), ಮೇಲೆ ಬ್ರೋಕರೇಜು, ವರ್ಷದೊಳಗೆ ಮಾರಿದ್ದಕ್ಕೆ ಲಾಭದಲ್ಲಿ 20% ತೆರಿಗೆ. ಉಳಿಯೋದೇನು? ವರ್ಷ ದಾಟಿಸಿದರೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ, ಅದರ ಮೇಲಿನದಕ್ಕೆ 12.5%.

ಇಂಟ್ರಾಡೇ, ಅಂದರೆ ಕೊಂಡ ದಿನವೇ ಮಾರೋದರ ಕಥೆ ಇನ್ನೂ ಕಷ್ಟ. ಶೇರುಪೇಟೆ ನಿಯಂತ್ರಕ ಸೆಬಿ ಲೆಕ್ಕದಲ್ಲಿ 2022-23ರಲ್ಲಿ 10ರಲ್ಲಿ 7 ಜನಕ್ಕೆ ನಷ್ಟ. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ನಷ್ಟವಾದವರು 80%.

ಇಟ್ಟುಕೊಂಡರೆ ಅಪಾಯ ಇಲ್ಲ ಅಂತಲ್ಲ. 2020ರ ಮಾರ್ಚ್ 23ರಂದು ಶೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 13% ಬಿತ್ತು, ಅಲ್ವಾ? ಒಂದೇ ಕಂಪನಿ ಹಿಡಿದು ಕೂರೋದೂ ಜೂಜೇ. ಅದಕ್ಕೇ ನಾನೀಗ ಸೂಚ್ಯಂಕದ ಕಂಪನಿಗಳಲ್ಲೆಲ್ಲ ಹಣ ಹಂಚಿ ಹಾಕುವ ಇಂಡೆಕ್ಸ್ ಫಂಡ್ ಕಡೆ.