ರೂಡೆಸ್‌ಹೈಮ್: ಗಲ್ಲಿಗೆ ಎರಡು ಸ್ಟಾರ್, ಗುಡ್ಡಕ್ಕೆ ಐದು

ಫ್ರಾಂಕ್‌ಫರ್ಟ್ ಕಡೆ ಇರೋರ ಮನೆಗೆ ಊರಿಂದ ಅಪ್ಪ ಅಮ್ಮ ಬಂದ್ರೆ ಎಲ್ರೂ ಮೊದ್ಲು ಹೇಳೋ ಜಾಗ ರೈನ್ ನದಿ ದಡದ ಈ ರೂಡೆಸ್‌ಹೈಮ್. ಆರ್‌ಬಿ10 ಟ್ರೈನಲ್ಲಿ ಸುಮಾರು ಒಂದೂಕಾಲು ಗಂಟೆ, ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಲೋಕಲ್ ರೈಲು, ಬಸ್ಸಿನ ತಿಂಗಳ ಪಾಸ್) ನಡೆಯುತ್ತೆ, ವೀಸ್‌ಬಾಡೆನ್ ಬಿಟ್ಮೇಲೆ ಎಡಗಡೆ ಸೀಟ್ ಹಿಡೀರಿ, ನದಿ ಆ ಕಡೆನೇ ಬರೋದು.

ಎಲ್ರೂ ನೇರ ನುಗ್ಗೋದು ಡ್ರೋಸೆಲ್‌ಗಾಸೆಗೆ. 144 ಮೀಟರ್ ಉದ್ದದ ಒಂದು ಇಕ್ಕಟ್ಟು ಗಲ್ಲಿ ಅಷ್ಟೇ, ಎರಡೂ ಕಡೆ ವೈನ್ ಅಂಗಡಿ, ಬ್ಯಾಂಡ್ ಸದ್ದು, ಆಗಸ್ಟಲ್ಲಿ ಕ್ರೂಸ್ ಹಡಗಿನ ಜನ ಇಳಿದ್ರಂತೂ ಅವೆನ್ಯೂ ರೋಡ್ ಶನಿವಾರದ ಥರ, ನಾವು ನಡೆಯೋದೇ ಬೇಡ, ಅವ್ರೇ ತಳ್ಕೊಂಡು ಹೋಗ್ತಾರೆ. ನಾವು ಕೂತ ಹೋಟೆಲಲ್ಲಿ (ಹೆಸರು ಬೇಡ ಬಿಡಿ) ಬೇಕನ್ (ಹಂದಿಮಾಂಸ) ಇಲ್ದೆ ಫ್ಲಾಮ್‌ಕೂಕನ್ (ತೆಳು ಪಿಜ್ಜಾ ಥರದ್ದು) ಕೊಡಿ ಅಂತ ಎರಡು ಸಲ ಹೇಳಿದ್ರೂ ಬೇಕನ್ ಹಾಕ್ಕೊಂಡೇ ಬಂತು, ವಾಪಸ್ ಕಳಿಸಿದ್ರೆ ಮೇಲಿಂದ ಆರಿಸಿ ಅದನ್ನೇ ತಂದಿಟ್ರು. ವೆಜ್ ಆದ್ರೆ ಸ್ಪುಂಡೆಕೇಸ್ ಅಂತ ಚೀಸ್ ಡಿಪ್ ಸಿಗುತ್ತೆ, ಬ್ರೆಟ್ಸೆಲ್ (ಗಂಟು ಹಾಕಿದ ಥರದ ಉಪ್ಪು ಬ್ರೆಡ್) ಜೊತೆ ಚೆನ್ನಾಗಿರುತ್ತೆ.

ರೂಡೆಸ್‌ಹೈಮರ್ ಕಾಫಿ ಮಾತ್ರ ಒಂದ್ಸಲ ನೋಡ್ಲೇಬೇಕು. ಪಿಂಗಾಣಿ ಕಪ್ಪಲ್ಲಿ ಸಕ್ಕರೆ ಕ್ಯೂಬ್, ಮೇಲೆ ಬಿಸಿ ಮಾಡಿದ ಆಸ್‌ಬಾಖ್ ಬ್ರಾಂಡಿ (1892ರಿಂದ ಇದೇ ಊರಿಂದು), ಉದ್ದ ಕಡ್ಡಿ ಗೀರಿ ಬೆಂಕಿ ಹಚ್ಚಿ, ಸಕ್ಕರೆ ಕರಗೋವರೆಗೂ ಕದಡಿ ಆಮೇಲೆ ಕಾಫಿ, ಕ್ರೀಮ್, ಚಾಕ್ಲೇಟ್ ಚೂರು. ಉರಿದ್ರೂ ಬ್ರಾಂಡಿ ಪೂರ್ತಿ ಹೋಗಲ್ಲ, ಮಡಿ ಇರೋ ಹಿರಿಯರಿಗೆ ಮೊದಲೇ ಹೇಳ್ಬಿಡಿ.

ದುಡ್ಡು ವಸೂಲಾಗೋದು ಗುಡ್ಡದ ಮೇಲೆ. ಇಬ್ಬರೇ ಕೂರೋ ತೆರೆದ ಕೇಬಲ್ ಕಾರು ರೀಸ್ಲಿಂಗ್ ದ್ರಾಕ್ಷಿ ಸಾಲುಗಳ ಮೇಲೆ ನಿಧಾನಕ್ಕೆ ಏರುತ್ತೆ, ಸದ್ದೇ ಇಲ್ಲ. ಮೇಲೆ ನೀಡರ್‌ವಾಲ್ಡ್ ಸ್ಮಾರಕ, 38 ಮೀಟರ್ ಎತ್ತರ, 1871ರಲ್ಲಿ ಜರ್ಮನಿ ಒಂದಾಗಿದ್ದಕ್ಕೆ 1883ರಲ್ಲಿ ನಿಲ್ಲಿಸಿದ್ದು, ನಂಗೆ ಸ್ವಲ್ಪ ಜಂಬದ್ದು ಅನ್ನಿಸ್ತು, ಆದ್ರೆ ಅಲ್ಲಿಂದ ಕಾಣೋ ರೈನ್, ಆಚೆ ದಡದ ಬಿಂಗೆನ್, ಅಬ್ಬಾ! ರಿಂಗ್ ಟೂರ್ ಟಿಕೆಟ್ಟೇ ತಗೊಳ್ಳಿ: ಅಲ್ಲಿಂದ ಕಾಡೊಳಗೆ ನಡೆದು, ಚೇರ್‌ಲಿಫ್ಟಲ್ಲಿ (ತಂತಿಗೆ ನೇತಾಡೋ ಕುರ್ಚಿ) ಪಕ್ಕದೂರು ಆಸ್‌ಮನ್ಸ್‌ಹೌಸೆನ್‌ಗೆ ಇಳಿದು, ಬೋಟಲ್ಲಿ ವಾಪಸ್. ಚೇರ್ ಓಡ್ತಿರುವಾಗ್ಲೇ ಕೂರ್ಬೇಕು, ಮಂಡಿ ನೋವಿದ್ರೆ ಕೇಬಲ್ ಕಾರಲ್ಲೇ ಇಳೀರಿ.

ರಾತ್ರಿ ಉಳಿಯೋರು ನದಿ ಕಾಣೋ ರೂಮಿಗೆ ಆಸೆ ಪಡ್ಬೇಡಿ. ಊರಿಗೂ ನದಿಗೂ ಮಧ್ಯ ರೈಲು ಹಳಿ ಇದೆ, ರಾತ್ರಿಯೆಲ್ಲ ಗೂಡ್ಸ್ ಟ್ರೈನ್. ಸಂಜೆ ಆರ್‌ಬಿ10 ತುಂಬಿದ್ರೆ ಫೆರ್ರಿಯಲ್ಲಿ ಬಿಂಗೆನ್‌ಗೆ ದಾಟಿ, ಅಲ್ಲಿಂದ ಟ್ರೈನಲ್ಲಿ ಮೈನ್ಸ್ ಊರಿನ ಮೇಲೆ ಬನ್ನಿ, ಫೆರ್ರಿಗೆ ಟಿಕೆಟ್ ಬೇರೆ.