ಸಿಂಗಾಪುರದ ಹಡಗಾ, ಮುಂಬೈ ಹಡಗಾ? ನಾನೂ ನಮ್ಮ ಭಾವನೂ ಇನ್ನೂ ಮುಗಿಸದ ಜಗಳ

ಕ್ರೂಸ್ ಹೋಗ್ಬೇಕು ಅಂತಿದೀವಿ, ಯಾವುದು ಒಳ್ಳೇದು ಅಂತ ತಿಂಗಳಿಗೆ ಒಬ್ರಾದ್ರೂ ಅಂಗಡಿಗೆ ಬಂದು ಕೇಳ್ತಾರೆ. ಹಾಸನದ ಬಿ.ಎಂ. ರೋಡಲ್ಲಿ ನೋಟ್‌ಬುಕ್ಕು ಪೆನ್ನು ಮಾರ್ಕೊಂಡು ಎರಡು ಸಲ ಹಡಗು ಹತ್ತಿ ಬಂದೋನು ನಾನೊಬ್ನೇ ಅಂತ ಅವರ ಲೆಕ್ಕ. ಪ್ರತಿ ಸಲ ಅರ್ಧ ಗಂಟೆ ಮಾತಾಡಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಬರೆದು ಹಾಕ್ತಿದೀನಿ. ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಹಡಗಿನ ಬಗ್ಗೆ ಎಷ್ಟಿದೆಯೋ ದುಡ್ಡಿನ ಬಗ್ಗೆನೂ ಅಷ್ಟೇ ಇದೆ.

ಶುರುವಾಗಿದ್ದು 2020ರ ಜನವರಿಯಲ್ಲಿ. ಏಪ್ರಿಲ್ ರಜೆಗೆ ಅಂತ ನಾನು, ನನ್ನ ಹೆಂಡ್ತಿ, ಮಗಳು, ಆಲ್ದೂರಿನ ನಮ್ಮಕ್ಕ-ಭಾವ, ಒಟ್ಟು ಐದು ಜನ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ವಿ, ಬೆಂಗಳೂರಿನ ಒಬ್ಬ ಏಜೆಂಟ್ ಮೂಲಕ. ತಲೆಗೆ 46 ಸಾವಿರ, ಬಂದರಿನ ತೆರಿಗೆ ಬೇರೆ. ಫೆಬ್ರವರಿಯಲ್ಲಿ ನೋಡಿದ್ರೆ ಟಿವಿ ತುಂಬಾ ಡೈಮಂಡ್ ಪ್ರಿನ್ಸೆಸ್! ಜಪಾನಿನ ಯೊಕೊಹಾಮಾದಲ್ಲಿ 3,711 ಜನ ಇದ್ದ ಹಡಗನ್ನ ನಿಲ್ಲಿಸಿಕೊಂಡು, ಜನರನ್ನ ಒಳಗೇ ಕೂಡಿಹಾಕಿ, ಕೊನೆಗೆ ಏಳುನೂರಕ್ಕೂ ಮೇಲೆ ಜನಕ್ಕೆ ಕೊರೊನಾ ಸೋಂಕು. ಆ ಹಡಗಲ್ಲಿ ಕೆಲಸ ಮಾಡ್ತಿದ್ದ ನಮ್ಮ ದೇಶದ ಹುಡುಗರು ನಮ್ಮನ್ನ ಕರ್ಕೊಂಡು ಹೋಗಿ ಅಂತ ವಿಡಿಯೋ ಹಾಕ್ತಿದ್ರು. ಏಜೆಂಟ್‌ಗೆ ಫೋನ್ ಮಾಡಿದ್ರೆ "ಸಾರ್ ಅದು ಜಪಾನ್, ನಿಮ್ಮದು ಸಿಂಗಾಪುರ" ಅಂದ. ಸರಿ ಅಂತ ಸುಮ್ನಾದೆ, ನನ್ನ ಬುದ್ಧಿಗಿಷ್ಟು. ಮಾರ್ಚ್ 11ಕ್ಕೆ ಡಬ್ಲ್ಯುಎಚ್‌ಒ ಇದು ಮಹಾಮಾರಿ ಅಂತ, ಮಾರ್ಚ್ 25ಕ್ಕೆ ನಮ್ಮಲ್ಲಿ ಲಾಕ್‌ಡೌನ್. ಹಾಸನ ಮೇ ಶುರುವಿನವರೆಗೂ ಗ್ರೀನ್ ಝೋನ್, ಒಂದು ಕೇಸೂ ಇಲ್ಲ, ಆದ್ರೂ ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದ್ದೆ.

ಆಮೇಲೆ ಕ್ರೂಸ್ ಕಂಪನಿಯಿಂದ ಪ್ರಯಾಣ ರದ್ದು ಅಂತ ಮೇಲ್ ಬಂತು: ಒಂದೋ ದುಡ್ಡು ವಾಪಸ್, ಇಲ್ಲಾಂದ್ರೆ ಕಟ್ಟಿದ್ದರ 125 ಪರ್ಸೆಂಟ್ ಮುಂದಿನ ಪ್ರಯಾಣಕ್ಕೆ ಕ್ರೆಡಿಟ್. ಆಗ ಬಹಳಷ್ಟು ದೊಡ್ಡ ಕ್ರೂಸ್ ಕಂಪನಿಗಳು ಇದೇ ಆಸೆ ತೋರಿಸಿದ್ವು, ಯಾಕಂದ್ರೆ ಹಡಗು ನಿಂತಿದ್ರೂ ಖರ್ಚು ನಿಂತಿರಲಿಲ್ಲ, ನಗದು ಕೈ ಬಿಡೋಕೆ ಯಾರಿಗೂ ಮನಸ್ಸಿಲ್ಲ. ನಾನು ಅಂಗಡಿಯವನು, 125 ಅಂದ ತಕ್ಷಣ ಬಾಯಲ್ಲಿ ನೀರು. ಮೂರು ಜನದ 1,38,000ಕ್ಕೆ 1,72,500 ಆಗುತ್ತಲ್ಲ ಅಂತ ಕ್ರೆಡಿಟ್‌ಗೆ ಹೂಂ ಅಂದೆ. ಭಾವ ತೋಟದವರು, ಮಳೆ ನಂಬಿ ಬದುಕೋರು, ಮಾತು ನಂಬಲ್ಲ. "ಮಾರಾಯ, ಕೈಯಲ್ಲಿರೋದು ದುಡ್ಡು, ಕಾಗದದಲ್ಲಿರೋದು ಕಾಗದ" ಅಂದು ರಿಫಂಡ್ ಕೇಳಿದ್ರು.

ಈಗ ಎರಡನ್ನೂ ಪಕ್ಕಪಕ್ಕ ಇಡ್ತೀನಿ ನೋಡಿ. ಭಾವನ 92 ಸಾವಿರದಲ್ಲಿ ವಾಪಸ್ ಬಂದಿದ್ದು 78 ಸಾವಿರ, ಅದೂ ನವೆಂಬರ್‌ನಲ್ಲಿ, ಅದೂ ನಮ್ಮಕ್ಕ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಏಜೆಂಟ್‌ಗೆ ಫೋನ್ ಹಚ್ಚಿ ಹಚ್ಚಿ. ಉಳಿದ ಹದಿನಾಲ್ಕು ಸಾವಿರ ಯಾರು ತಿಂದ್ರು ಅಂದ್ರೆ ಏಜೆಂಟ್ ಕಂಪನಿ ಕಡೆ ಕೈ ತೋರಿಸ್ತಾನೆ, ಕಂಪನಿಗೆ ಬರೆದ್ರೆ "ನಿಮ್ಮ ಏಜೆಂಟನ್ನು ಸಂಪರ್ಕಿಸಿ". ನಂದು? ಕ್ರೆಡಿಟ್ ಪೂರ್ತಿ ಬಂತು, ಆದ್ರೆ ಅದಕ್ಕೊಂದು ಕೊನೇ ದಿನಾಂಕ ಇತ್ತು. ಹಡಗೇ ಹೊರಡಲ್ಲ ಅಂದ್ಮೇಲೆ ದಿನಾಂಕ ಯಾಕಪ್ಪಾ? ಅದನ್ನ ಎರಡು ಸಲ ಮುಂದಕ್ಕೆ ಹಾಕಿದ್ರು, ಪ್ರತಿ ಸಲ ನಾನೇ ಕೇಳ್ಬೇಕು. ಹೆಸರು ಬದಲಾಯಿಸೋ ಹಾಗಿಲ್ಲ, ಬೇರೆಯವರಿಗೆ ಕೊಡೋ ಹಾಗಿಲ್ಲ. ಈ ಮಧ್ಯೆ ಪೇಪರ್ ತೆಗೆದ್ರೆ ಕಂಪನಿಗಳು ಒಂದೊಂದೇ ಮುಳುಗ್ತಿವೆ: ಮುಂಬೈಯಿಂದ 2019ರಲ್ಲಿ ಶುರುವಾಗಿದ್ದ ಜಲೇಶ್ ಕ್ರೂಸಸ್ 2020ರಲ್ಲೇ ಬಾಗಿಲು ಹಾಕ್ತು, ಅವರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ಗೆ ಗುಜರಿಗೆ ಹೋಯ್ತು. 2022ರ ಜನವರಿಯಲ್ಲಿ ಸಿಂಗಾಪುರದಿಂದಲೇ ಓಡ್ತಿದ್ದ ಡ್ರೀಮ್ ಕ್ರೂಸಸ್‌ನ ಮಾಲೀಕ ಕಂಪನಿ ಗೆಂಟಿಂಗ್ ಹಾಂಗ್‌ಕಾಂಗ್ ದಿವಾಳಿ. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಇಲ್ಲ, ನನ್ನ ಕಂಪನಿ ಅದಲ್ಲದಿದ್ರೂ. ಭಾವ ಮಾತ್ರ ಫೋನ್ ಮಾಡಿ "ನಿನ್ನ ಕಾಗದ ಹೇಗಿದೆ?" ಅಂತ ವಿಚಾರಿಸಿದ್ರು. ಅವರು ಆ 78 ಸಾವಿರಕ್ಕೆ ಕೈಯಿಂದ ಸ್ವಲ್ಪ ಸೇರಿಸಿ ತೋಟಕ್ಕೊಂದು ಪಂಪ್‌ಸೆಟ್ ತಗೊಂಡಿದ್ರು.

ನನ್ನ ಕಂಪನಿ ಉಳ್ಕೊಳ್ತು. 2022ರ ಸೆಪ್ಟೆಂಬರ್‌ನಲ್ಲಿ ಮೂರು ಜನ ಹೊರಟ್ವಿ. ಅದೇ ನಾಲ್ಕು ರಾತ್ರಿ, ಅದೇ ಥರದ ರೂಮು, ಆದ್ರೆ ರೇಟು ಈಗ 54 ಸಾವಿರ. ಕ್ರೆಡಿಟ್‌ನಲ್ಲಿ 1,62,000 ಕಳೀತು, ಉಳಿದ 10,500 ಅಲ್ಲೇ ಸತ್ತೋಯ್ತು, ಯಾಕಂದ್ರೆ ಕ್ರೆಡಿಟ್ ಬರೀ ಟಿಕೆಟ್ ದರಕ್ಕೆ ಮಾತ್ರ ಅಂತೆ, ಬಂದರಿನ ತೆರಿಗೆಗೂ ಇಲ್ಲ, ಟಿಪ್ಸ್‌ಗೂ ಇಲ್ಲ. ಟಿಪ್ಸ್ ಅಂದ್ರೆ ನಾವು ಕೊಡೋದಲ್ಲ, ಅವರೇ ಹಿಡ್ಕೊಳ್ಳೋದು, ರಾತ್ರಿಗೆ ತಲೆಗೆ 16 ಡಾಲರ್. ಮೂರು ಜನ, ನಾಲ್ಕು ರಾತ್ರಿ, ಹದಿನೈದು ಸಾವಿರದ ಮೇಲೆ. ಇದರ ಜೊತೆ ವಿಮಾನ, ಹೋಟೆಲ್ ಪ್ಯಾಕೇಜ್ ಮೇಲೆ ಆಗ 5 ಪರ್ಸೆಂಟ್ ಟಿಸಿಎಸ್, ಅಂದ್ರೆ ಬುಕ್ ಮಾಡುವಾಗಲೇ ಹಿಡ್ಕೊಳ್ಳೋ ತೆರಿಗೆ, ಅದು 2020ರ ಅಕ್ಟೋಬರ್‌ನಿಂದ ಬಂದಿರೋದು. ರಿಟರ್ನ್ಸ್ ಹಾಕುವಾಗ ಸಿಗುತ್ತೆ, ಆದ್ರೆ ಅಲ್ಲಿವರೆಗೂ ದುಡ್ಡು ಸರ್ಕಾರದ ಹತ್ರ. ಇನ್ನೊಂದು, ಹಡಗು ಮಲೇಷ್ಯಾದಲ್ಲಿ ನಿಲ್ಲುತ್ತೆ ಅಂದ್ರೆ ಆಗ ನಮಗೆ ಮಲೇಷ್ಯಾ ವೀಸಾನೂ ಬೇಕಿತ್ತು, ಏಜೆಂಟ್ ಅದನ್ನ ಹೊರಡೋಕೆ ಹತ್ತು ದಿನ ಇದ್ದಾಗ ಹೇಳಿದ. ಭಾರತದವರಿಗೆ ಆ ವೀಸಾ ಬೇಡ ಅಂತಾಗಿದ್ದು 2023ರ ಡಿಸೆಂಬರ್‌ನಿಂದ.

ಆದ್ರೆ ಆ ಪ್ರಯಾಣದಲ್ಲಿ ನಿಜವಾದ ಟೆನ್ಷನ್ ದುಡ್ಡಲ್ಲ, ಕೊರೊನಾ ಟೆಸ್ಟ್. ಹಡಗು ಹತ್ತೋಕೆ ಮುಂಚೆ ಮೂಗಿಗೆ ಕಡ್ಡಿ, ನೆಗೆಟಿವ್ ಬಂದ್ರೆ ಹಡಗು, ಪಾಸಿಟಿವ್ ಬಂದ್ರೆ ಹೋಟೆಲ್ ರೂಮು. ಮಗಳಿಗೆ ಧೂಳಿಗೆ ಸೀನು ಬರೋ ಅಭ್ಯಾಸ, ಆವತ್ತು ಕ್ಯೂನಲ್ಲಿ ನಿಂತು ಸೀನು ತಡ್ಕೊಂಡು ತಡ್ಕೊಂಡು ಕಣ್ಣೆಲ್ಲ ಕೆಂಪು, ನನ್ನ ಹೆಂಡ್ತಿ ಅವಳ ಮೂಗು ಹಿಡ್ಕೊಂಡು ನಿಂತಿದ್ಲು. ನಮ್ಮ ಮುಂದಿದ್ದ ಒಂದು ಕುಟುಂಬದಲ್ಲಿ ಅಜ್ಜಿಗೆ ಪಾಸಿಟಿವ್, ಆರು ಸೂಟ್‌ಕೇಸ್ ತಿರುಗಿಸ್ಕೊಂಡು ಹೋದ್ರು. ಅಜ್ಜಿ ತಪ್ಪು ಮಾಡಿದವರ ಥರ ತಲೆ ಬಗ್ಗಿಸ್ಕೊಂಡು ಹಿಂದೆ ಹಿಂದೆ ಹೋಗ್ತಿದ್ರು, ಅದು ಈಗಲೂ ಕಣ್ಮುಂದೆ ಇದೆ.

ಹತ್ತಿದ ಮೇಲೆ ಮಾತ್ರ, ಸುಳ್ಳು ಹೇಳಲ್ಲ, ರಾಜರ ಥರ ಇದ್ವಿ. ಹಡಗು ಪೂರ್ತಿ ತುಂಬಿರಲಿಲ್ಲ, ಲಿಫ್ಟ್ ಕರೆದ ತಕ್ಷಣ ಬರ್ತಿತ್ತು. ಬಫೆಯಲ್ಲಿ ನಾವು ಸೌಟು ಮುಟ್ಟೋ ಹಾಗಿಲ್ಲ, ಗ್ಲೌಸ್ ಹಾಕಿರೋರು ಬಡಿಸ್ತಿದ್ರು, ಮದುವೆ ಮನೆ ಪಂಕ್ತಿ ಥರ. ಲೈಫ್ ಜಾಕೆಟ್ ಡ್ರಿಲ್ ಅಂತ ಒಂದಿರುತ್ತೆ, ಹಡಗಿಗೆ ಏನಾದ್ರೂ ಆದ್ರೆ ಎಲ್ಲಿ ನಿಲ್ಲಬೇಕು ಅಂತ. ಮೊದಲೆಲ್ಲ ಎಲ್ಲರನ್ನೂ ಒಟ್ಟಿಗೆ ಡೆಕ್ ಮೇಲೆ ನಿಲ್ಲಿಸ್ತಿದ್ರಂತೆ. ಕೊರೊನಾದಲ್ಲಿ ಗುಂಪು ಬೇಡ ಅಂತ ಅದನ್ನ ಮೊಬೈಲ್‌ಗೆ ತಂದ್ರು, ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಮುಖ ತೋರಿಸಿ ಬಂದ್ರೆ ಹತ್ತು ನಿಮಿಷದಲ್ಲಿ ಮುಗೀತು. ಮಾಸ್ಕ್ ಮಾತ್ರ ಕಿರಿಕಿರಿ, ಫೋಟೋದಲ್ಲೆಲ್ಲ ಅರ್ಧ ಮುಖ.

ಇನ್ನು ಮುಂಬೈದು. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ್ರಲ್ಲ, ಅದಾದ ಮೇಲೆ ಮನೆಮನೇಲೂ ಲಕ್ಷದ್ವೀಪ. ನಮ್ಮಕ್ಕನೂ ಹಟ ಹಿಡಿದ್ಲು. ಫೆಬ್ರವರಿ ಕೊನೇಲಿ ಅರೇಬಿಕಾ ಕಾಫಿ ಕೊಯ್ಲು ಮುಗಿದು ಭಾವ ಗಿಡ ಹೂ ಬಿಡೋಕೆ ಬೇಕಾದ ಹೂಮಳೆಗೆ ಕಾಯ್ತಾ ಕೂತಿರೋ ಟೈಮು, ಆ ವರ್ಷ ಕಾಫಿ ರೇಟೂ ಚೆನ್ನಾಗಿತ್ತು, ಒಪ್ಪಿದ್ರು. ಮುಂಬೈ, ಗೋವಾ, ಲಕ್ಷದ್ವೀಪ, ಮುಂಬೈ, ಐದು ರಾತ್ರಿ. ಈ ಸಲ ಏಜೆಂಟ್ ಬೇಡ ಅಂತ ನೇರ ವೆಬ್‌ಸೈಟಲ್ಲೇ ಬುಕ್ ಮಾಡಿದೆ. ಜಾಹೀರಾತಲ್ಲಿ ತಲೆಗೆ 32 ಸಾವಿರ, ಕಿಟಕಿ ಇರೋ ರೂಮು, ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ ಎಲ್ಲ ಒಂದೊಂದೇ ಸೇರಿ ಕೊನೇ ಪೇಜಿಗೆ ಬರೋ ಹೊತ್ತಿಗೆ 47,500. ನಮ್ಮೂರಿಂದ ನೂರಾ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಪಣಂಬೂರು ಬಂದರಿದೆ, ಅಲ್ಲಿಗೆ ಫಾರಿನ್ನವರ ಕ್ರೂಸ್ ಬರುತ್ತೆ, ಅವರೆಲ್ಲ ಇಳಿದು ಮೂಡಬಿದಿರೆ ಬಸದಿ ನೋಡ್ಕೊಂಡು ಹೋಗ್ತಾರೆ, ನಾವು ಮಾತ್ರ ಶಿರಾಡಿ ಘಾಟ್ ಇಳಿದು ಬಜ್ಪೆಯಲ್ಲಿ ವಿಮಾನ ಹತ್ತಿ ಮುಂಬೈಗೆ ಹೋಗಿ ಹಡಗು ಹತ್ತಿ ಮತ್ತೆ ಅದೇ ಸಮುದ್ರದಲ್ಲಿ ಮಂಗಳೂರು ದಾಟ್ಕೊಂಡು ಹೋಗ್ಬೇಕು. ಇರ್ಲಿ.

ಟೆಸ್ಟ್ ಇಲ್ಲ, ಮಾಸ್ಕ್ ಇಲ್ಲ, ಯಾರೂ ಏನೂ ಕೇಳಲ್ಲ. ಅದನ್ನೇ ಅಲ್ವಾ ಬಯಸಿದ್ದು? ಹಡಗು ಕಿಕ್ಕಿರಿದು ತುಂಬಿತ್ತು. ಲಿಫ್ಟ್‌ಗೆ ಕ್ಯೂ, ದೋಸೆ ಕೌಂಟರ್‌ಗೆ ಕ್ಯೂ, ಈಜುಕೊಳದ ಪಕ್ಕದ ಕುರ್ಚಿಗಳ ಮೇಲೆ ಬೆಳಿಗ್ಗೆ ಆರಕ್ಕೇ ಟವೆಲ್ ಹಾಕಿ ಸೀಟ್ ಹಿಡಿದಿರೋರು, ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೀತಿದ್ರಲ್ಲ ಹಂಗೆ. ಡ್ರಿಲ್‌ಗೆ ಎಲ್ಲರನ್ನೂ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ್ರು. ಸಿಂಗಾಪುರದಲ್ಲಿ ರೂಮು ದಿನಕ್ಕೆರಡು ಸಲ ಕ್ಲೀನ್, ಇಲ್ಲಿ ಒಂದೇ ಸಲ, ಅದೂ ಮಧ್ಯಾಹ್ನ ಮೂರಕ್ಕೆ. (ಇದು ನಮ್ಮ ದೇಶದ ಹಡಗಿನದ್ದೇ ಕಥೆ ಅಲ್ಲ, ಕೊರೊನಾ ಆದ್ಮೇಲೆ ಅಮೆರಿಕದ ದೊಡ್ಡ ಕಂಪನಿಗಳೂ ಎರಡು ಸಲದ ಕ್ಲೀನಿಂಗನ್ನ ಒಂದಕ್ಕೆ ಇಳಿಸಿವೆ.) ಬಫೆ ಬಾಗಿಲಲ್ಲಿದ್ದ ಸ್ಯಾನಿಟೈಸರ್ ಬಾಟಲಿ ಎರಡನೇ ದಿನಕ್ಕೇ ಖಾಲಿ, ಒತ್ತಿದ್ರೆ ಬುಸ್ ಅಂತ ಗಾಳಿ. ಹಡಗಲ್ಲಿ ವಾಂತಿ-ಭೇದಿ ತರಿಸೋ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ, ಸೋಪು ನೀರೇ ಬೇಕು, ಅದು ನನಗೆ ಗೊತ್ತಿತ್ತು, ಆದ್ರೆ ಸೌಟು ಹಿಡಿದ ನಾಲ್ಕುನೂರು ಕೈಗಳಿಗೆ ಗೊತ್ತಿರಬೇಕಲ್ಲ. ನಾವು ಐದು ಜನದಲ್ಲಿ ನಾಲ್ಕು ಜನ ಕೆಮ್ಮು ಹೊತ್ಕೊಂಡು ಮನೆಗೆ ಬಂದ್ವಿ.

ಭಾವನ ದುಃಖ ಬೇರೆ. ಹಡಗಿನ ಕಾಫಿ ಮಷೀನಿಂದು, ಕಪ್ಪಗಿನ ಬಿಸಿನೀರು. ಅವರಿಗೆ ಮೊದಲೇ ಅನುಮಾನ ಇತ್ತು, ಅದಕ್ಕೇ ಮನೆ ಪುಡಿ, ಸಣ್ಣ ಫಿಲ್ಟರು, ಒಂದು ಕರೆಂಟ್ ಕೆಟಲ್ ಬ್ಯಾಗಲ್ಲಿ ಇಟ್ಟಿದ್ರು. ಬೆಂಕಿ ಭಯಕ್ಕೆ ಕೆಟಲ್ಲು, ಇಸ್ತ್ರಿಪೆಟ್ಟಿಗೆ ಎಲ್ಲ ಹಡಗಲ್ಲಿ ಬಿಡಲ್ಲ, ಸ್ಕ್ಯಾನಿಂಗಲ್ಲೇ ಹಿಡಿದು ಚೀಟಿ ಕೊಟ್ರು, ಇಳಿಯುವಾಗ ತಗೊಳ್ಳಿ ಅಂತ. ಪುಡಿ ಇದೆ, ಫಿಲ್ಟರ್ ಇದೆ, ಬಿಸಿನೀರಿಲ್ಲ. ಬಫೆ ಹುಡುಗನೊಬ್ಬನ ಸ್ನೇಹ ಮಾಡ್ಕೊಂಡು ದಿನಾ ಒಂದು ಲೋಟ ಕುದಿಯೋ ನೀರು ಸಂಪಾದಿಸ್ತಿದ್ರು. ಊಟ ಮಾತ್ರ ಮುಂಬೈ ಹಡಗೇ ಮೇಲು, ಅನ್ನ ಸಾರು ಮೊಸರು ಕೇಳಿದ್ರೆ ಸಿಗ್ತಿತ್ತು, ಸಿಂಗಾಪುರದಲ್ಲಿ ನಮ್ಮ ಹೆಂಡ್ತಿ ನಾಲ್ಕು ದಿನ ಬ್ರೆಡ್ಡು, ಹಣ್ಣು.

ಆದ್ರೆ ನಾವು ಹೋಗಿದ್ದೇ ಲಕ್ಷದ್ವೀಪದ ಅಗತ್ತಿ ದ್ವೀಪ ನೋಡೋಕೆ. ಪರ್ಮಿಟ್ ಬೇಕು ಅಂತ ಫೋಟೋ, ಆಧಾರ್ ಎಲ್ಲ ತಿಂಗಳ ಮುಂಚೆ ಕಳಿಸಿದ್ವಿ. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗಲ್ಲ, ಹವಳದ ಬಂಡೆ ಸಾಲಿನ ಹೊರಗೇ ನಿಲ್ಲುತ್ತೆ, ಸಣ್ಣ ದೋಣಿಗೆ ಇಳಿದು ಹೋಗ್ಬೇಕು. ಬೆಳಿಗ್ಗೆ ಏಳಕ್ಕೆ ಎಲ್ಲ ರೆಡಿ, ಮಗಳು ಈಜೋ ಬಟ್ಟೆ ಹಾಕ್ಕೊಂಡು ಕೂತಿದಾಳೆ, ಒಂಬತ್ತಕ್ಕೆ ಮೈಕಲ್ಲಿ ಅಲೆ ಜಾಸ್ತಿ, ಯಾರನ್ನೂ ಇಳಿಸಲ್ಲ ಅಂದ್ರು. ಸುರಕ್ಷತೆ ವಿಷಯ, ಅದಕ್ಕೆ ಬೈಯೋ ಹಾಗಿಲ್ಲ, ಒಪ್ತೀನಿ. ಆದ್ರೆ ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ವಿ, ಆ ನೀಲಿ ನೀರು, ತೆಂಗಿನ ಮರ, ಮರಳು ಎಲ್ಲ ಕಣ್ಣಿಗೆ ಕಾಣಿಸ್ತಿದೆ. ಭಾವ ರೇಲಿಂಗ್ ಹಿಡ್ಕೊಂಡು "ತೆಂಗಿನಮರದಲ್ಲಿ ಎಷ್ಟು ಕಾಯಿ ಇದೆ ಅಂತಾನೂ ಎಣಿಸ್ಬೋದು ಮಾರಾಯ" ಅಂದ್ರು. ಕೌಂಟರಲ್ಲಿ ಕೇಳಿದ್ರೆ ಷರತ್ತು ನೋಡಿ ಸಾರ್ ಅಂತ. ನೋಡಿದೆ, ಇದೆ: ಯಾವ ಬಂದರನ್ನ ಬೇಕಾದ್ರೂ ಬಿಡಬಹುದು. ಸಿಂಗಾಪುರದವರ ಕಾಗದದಲ್ಲೂ ಅದೇ ಸಾಲು ಇತ್ತು, ಆಗ ಬಿಟ್ಟಿರಲಿಲ್ಲ ಅಷ್ಟೇ.

ಈಗ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ. ಬರೀ ಹಡಗಿನ ಸುಖಕ್ಕೆ ಆದ್ರೆ ನಾವೆಲ್ಲ ಶಾಪ ಹಾಕಿದ ಆ ರೂಲ್ಸ್ ಕಾಲದ ಸಿಂಗಾಪುರದ ಹಡಗೇ ಮೇಲು, ಅದು ಈಗ ಸಿಗಲ್ಲ. ನೇರ ಬುಕ್ ಮಾಡಿದ್ರೆ ಜಗಳ ಆಡೋಕೆ ಒಬ್ಬನೇ ಇರ್ತಾನೆ, ಅದು ದೊಡ್ಡ ಲಾಭ. ಲಕ್ಷದ್ವೀಪವೇ ನೋಡ್ಬೇಕು ಅಂದ್ರೆ ಕೊಚ್ಚಿಯಿಂದ ಅಗತ್ತಿಗೆ ವಿಮಾನ ಇದೆ, ಹಡಗು ನಂಬ್ಕೋಬೇಡಿ. ಕ್ರೆಡಿಟ್ ವಿಷಯದಲ್ಲಿ ಲೆಕ್ಕಕ್ಕೆ ನಾನು ಗೆದ್ದೆ, 1,38,000 ಕೊಟ್ಟು 1,62,000ದ ಟಿಕೆಟ್ ತಗೊಂಡೆ, ಭಾವ ಹದಿನಾಲ್ಕು ಸಾವಿರ ಕಳ್ಕೊಂಡ್ರು. ಆದ್ರೆ ನಾನು ಗೆದ್ದಿದ್ದು ಅದೃಷ್ಟಕ್ಕೆ, ಕಂಪನಿ ಮುಳುಗಿದ್ರೆ ಸೊನ್ನೆ, ಎರಡೂವರೆ ವರ್ಷ ಎದೆ ಮೇಲೆ ಕಲ್ಲಿಟ್ಕೊಂಡಿದ್ದೆ. ಇನ್ನೊಬ್ಬರಿಗೆ ಕ್ಯಾಶೇ ತಗೊಳ್ಳಿ ಅಂತೀನಿ. ಭಾವನ ಮುಂದೆ ಮಾತ್ರ ಹಾಗನ್ನಲ್ಲ.

ಅಗತ್ತಿಯ ಬಂದರು ಶುಲ್ಕ ವಾಪಸ್ ಕೊಡ್ತೀವಿ ಅಂದಿದ್ರು, ಎರಡು ತಿಂಗಳಾದ್ಮೇಲೆ ಮೇಲ್ ಬಂತು. ತಲೆಗೆ 1,150 ರೂಪಾಯಿ, ನಗದಲ್ಲ, ಕ್ರೆಡಿಟ್, ಒಂದು ವರ್ಷದೊಳಗೆ ಮುಂದಿನ ಕ್ರೂಸ್‌ಗೆ ಬಳಸ್ಬೇಕು. ಭಾವಂಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಹಿಂದೆ ಪಂಪ್‌ಸೆಟ್ಟಿನ ಸದ್ದು ಕೇಳಿಸ್ತಿತ್ತು. ಆಮೇಲೆ "ನೀನೇ ಇಟ್ಕೊ, ನಿನಗೆ ಕಾಗದ ಅಂದ್ರೆ ಇಷ್ಟ ಅಲ್ವಾ" ಅಂದು ಫೋನ್ ಇಟ್ರು.