100, 80, 65, 50: ರೋಡ್ ಸೈಕಲ್ ಟೈರಿಗೆ ಎಷ್ಟು ಗಾಳಿ?

ರೋಡ್ ಸೈಕಲ್ ಟೈರಿಗೆ ಗಾಳಿ ಎಷ್ಟು ಹೊಡೆಯಬೇಕು ಅಂತ ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ. ಇನ್ನೂ ಸಿಗುವ ಉತ್ತರ, "100 ಹೊಡೀರಿ, ಜಾಸ್ತಿ ಯೋಚನೆ ಮಾಡ್ಬೇಡಿ." 23 ಎಂಎಂ ಅಗಲದ ಟೈರಿನ ಕಾಲದ ಮಾತು ಅದು. ಈಗ ಹೊಸ ಸೈಕಲ್‌ಗಳಲ್ಲಿ 28, 30, 32 ಎಂಎಂ ಬರುತ್ತಿದೆ. ದೊಡ್ಡ ರೇಸುಗಳಲ್ಲಿ ಓಡುವವರೂ 23 ಬಿಟ್ಟು ಎಷ್ಟೋ ಕಾಲವಾಯಿತು.

ಅದಕ್ಕೇ ಒಂದೇ ಸೈಕಲ್, ಒಂದೇ ಜೊತೆ ಟೈರ್ ಇಟ್ಟುಕೊಂಡು, ಗಾಳಿ ಮಾತ್ರ ಬದಲಿಸುತ್ತಾ ಓಡಿಸಿ ನೋಡಿದೆ. ನನ್ನ ತೂಕ 72 ಕೆ.ಜಿ. ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 82. ಟೈರ್ 28 ಎಂಎಂ, ಒಳಗೆ ಮಾಮೂಲಿ ಬ್ಯುಟೈಲ್ ಟ್ಯೂಬ್. ಮೊದಲು ಎರಡೂ ಚಕ್ರಕ್ಕೆ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಪಂಪಿನ ಮೀಟರ್ ತೋರಿಸುವುದು ಇದನ್ನೇ). ಆಮೇಲೆ ಮುಂದೆ 80, ಹಿಂದೆ 85. ಆಮೇಲೆ 65 ಮತ್ತು 72. ಕೊನೆಗೆ 50 ಮತ್ತು 55.

ದಾರಿ ನಂದಿ ಬೆಟ್ಟದ್ದು. ಊರಿಂದ ಸುಮಾರು 60 ಕಿ.ಮೀ., ಇಲ್ಲಿನ ಸೈಕಲ್‌ನವರಿಗೆಲ್ಲ ಗೊತ್ತಿರುವ ದಾರಿ. ಎಲ್ಲ ಥರದ ರಸ್ತೆಯೂ ಇದರಲ್ಲೇ ಸಿಗುತ್ತದೆ. ಊರೊಳಗೆ ವೈಟ್ ಟಾಪಿಂಗ್ ಕಾಂಕ್ರೀಟು, ಏರ್‌ಪೋರ್ಟ್ ರಸ್ತೆಯಲ್ಲಿ ನುಣುಪು ಡಾಂಬರು, ದೇವನಹಳ್ಳಿ ದಾಟಿದ ಮೇಲೆ ತೇಪೆ ಹಾಕಿದ ಹಳ್ಳಿ ರಸ್ತೆ, ಕೊನೆಗೆ ಬೆಟ್ಟದ ತಿರುವುಗಳು.

100ರಿಂದ ಶುರು ಮಾಡೋಣ. ಇದು ವೇಗವಾಗಿದೆ ಅಂತ ಅನ್ನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ರಸ್ತೆಯ ಪ್ರತಿ ಗೀರೂ ಕೈಗೆ ಬರುತ್ತದೆ, ಚಕ್ರ ಸದ್ದು ಮಾಡುತ್ತದೆ. ಇಷ್ಟೆಲ್ಲ ಅದುರುತ್ತಿದೆ ಅಂದರೆ ಜೋರಾಗೇ ಹೋಗುತ್ತಿರಬೇಕು ಅಂತ ಮನಸ್ಸು ನಂಬಿಬಿಡುತ್ತದೆ. ನಂಬಿಕೆ ಬಿಟ್ಟು ಅಳತೆ ಮಾಡಲು ನಾನು ಬಳಸಿದ್ದು ಸುಲಭದ ಉಪಾಯ. ಇಳಿಜಾರಿನಲ್ಲಿ ಒಂದೇ ಜಾಗದಿಂದ, ಪೆಡಲ್ ತುಳಿಯದೆ, ಒಂದೇ ಭಂಗಿಯಲ್ಲಿ ಕೂತು ಸೈಕಲ್ ಬಿಡುವುದು. ಎಲ್ಲಿ ಬಂದು ನಿಲ್ಲುತ್ತದೆ ಅಂತ ನೋಡುವುದು. ಗಾಳಿ ಬೀಸದ ಬೆಳಗಿನ ಹೊತ್ತು ಬೇಕು, ಅಷ್ಟೇ.

ನುಣುಪು ಡಾಂಬರಿನಲ್ಲಿ 100ಕ್ಕೂ 65ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಮ್ಮೆ ಇದು ಮುಂದೆ, ಒಮ್ಮೆ ಅದು. ತೇಪೆ ರಸ್ತೆಯಲ್ಲಿ ಮಾತ್ರ 100 ಪ್ರತಿ ಸಲವೂ ಮೊದಲೇ ನಿಂತಿತು.

ಇದಕ್ಕೆ ಕಾರಣ ಇದೆ. ಟೈರ್ ಉರುಳುವಾಗ ಶಕ್ತಿ ಎರಡು ಕಡೆ ಸೋರುತ್ತದೆ. ರಬ್ಬರು ಬಾಗಿ ಮತ್ತೆ ನೆಟ್ಟಗಾಗುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ಗಾಳಿ ಜಾಸ್ತಿ ಇದ್ದರೆ ಬಾಗುವುದು ಕಡಿಮೆ, ಈ ನಷ್ಟವೂ ಕಡಿಮೆ. ಹಿಂದೆ ಲ್ಯಾಬುಗಳಲ್ಲಿ ನುಣುಪಾದ ಉಕ್ಕಿನ ಡ್ರಮ್ ಮೇಲೆ ಟೈರ್ ತಿರುಗಿಸಿ ನೋಡುತ್ತಿದ್ದರು. ಅಲ್ಲಿ ಕಾಣುತ್ತಿದ್ದುದು ಇದೊಂದೇ. ಆದರೆ ಡ್ರಮ್ ಮೇಲೆ ಮನುಷ್ಯ ಕೂತಿರುವುದಿಲ್ಲ, ಅಲ್ವಾ? ಒರಟು ರಸ್ತೆಯಲ್ಲಿ ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ನಮ್ಮ ತೊಡೆ, ಬೆನ್ನು, ತೋಳು ಅದುರಿಸುವುದರಲ್ಲಿ ಮುಗಿದುಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಈ ಎರಡನೇ ನಷ್ಟವೇ ದೊಡ್ಡದು.

ಬೆಟ್ಟ ಹತ್ತುವಾಗ ಯಾವುದರಲ್ಲೂ ಫರಕು ಗೊತ್ತಾಗಲಿಲ್ಲ. ಅಲ್ಲಿ ಹೋರಾಟವೆಲ್ಲ ತೂಕದ ಜೊತೆ. ಇಳಿಯುವಾಗ ನೋಡಬೇಕು. ತಿರುವಿಗೆ ಮುಂಚೆ ಬ್ರೇಕ್ ಹಿಡಿದಾಗ, ಕಿತ್ತುಹೋದ ಡಾಂಬರಿನ ಮೇಲೆ 100ರ ಹಿಂದಿನ ಚಕ್ರ ಕುಣಿಯುತ್ತದೆ. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕ್ ಇದ್ದೂ ಇಲ್ಲದ ಹಾಗೆ. 65ರಲ್ಲಿ ಮುಂದಿನ ಚಕ್ರ ರಸ್ತೆ ಹಿಡಿದೇ ಇರುತ್ತದೆ. ಮಂಜು ಬಿದ್ದು ರಸ್ತೆ ಒದ್ದೆಯಿದ್ದರಂತೂ ನಾನು 100 ಹಾಕಿಕೊಂಡು ಆ ಬೆಟ್ಟ ಇಳಿಯುವುದಿಲ್ಲ.

80 ಮತ್ತು 85ರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಪರವಾಗಿಲ್ಲ. ನನಗಿಂತ ಹದಿನೈದು ಕೆ.ಜಿ. ಜಾಸ್ತಿ ಇರುವವರಿಗೆ ಇದೇ ಸರಿಹೋಗಬಹುದು.

50 ಮತ್ತು 55 ಮೊದಲು ಬಹಳ ಹಿತವಾಗಿತ್ತು. ಕಾಂಕ್ರೀಟಿನ ಜಾಯಿಂಟುಗಳು ಗೊತ್ತೇ ಆಗಲಿಲ್ಲ. ಆದರೆ ಎದ್ದು ನಿಂತು ತುಳಿದರೆ ಮುಂದಿನ ಚಕ್ರ ಅತ್ತಿತ್ತ ವಾಲುತ್ತದೆ, ಹ್ಯಾಂಡಲ್ ತಿರುಗಿಸಿದ್ದಕ್ಕೂ ಸೈಕಲ್ ತಿರುಗಿದ್ದಕ್ಕೂ ನಡುವೆ ಒಂದು ತಡ ಇರುತ್ತದೆ. ಕೊನೆಗೆ ಒಂದು ಗುಂಡಿಯ ಅಂಚು ಅದರ ಕಥೆ ಮುಗಿಸಿತು. ಟೈರ್ ರಿಮ್ಮಿನವರೆಗೆ ಚಪ್ಪಟೆಯಾಗಿ, ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಟ್ಯೂಬ್ ಇರುವ 28 ಎಂಎಂ ಟೈರಿಗೆ, ನನ್ನ ತೂಕಕ್ಕೆ, ಇದು ಕಡಿಮೆಯಾಯಿತು. ಟ್ಯೂಬ್‌ಲೆಸ್ ಆಗಿದ್ದರೆ ಆ ಪಂಕ್ಚರ್ ತಪ್ಪುತ್ತಿತ್ತೇನೋ, ವಾಲುವುದು ತಪ್ಪುತ್ತಿರಲಿಲ್ಲ.

ಹಾಗಾಗಿ ನನ್ನ ಸೈಕಲ್ಲಿನಲ್ಲಿ ಉಳಿದದ್ದು 65 ಮತ್ತು 72. ಹಿಂದಿನ ಚಕ್ರಕ್ಕೆ ಜಾಸ್ತಿ ಯಾಕೆ ಅಂದರೆ ಅರ್ಧಕ್ಕಿಂತ ಹೆಚ್ಚು ತೂಕ ಅದರ ಮೇಲೇ ಇರುತ್ತದೆ. ಎರಡಕ್ಕೂ ಒಂದೇ ಹೊಡೆಯುವ ಅಭ್ಯಾಸ ಎಲ್ಲಿಂದ ಬಂತೋ ಕಾಣೆ.

ಫ್ರಾಂಕ್ ಬರ್ಟೊ ಎಂಬ ಅಮೆರಿಕದ ಎಂಜಿನಿಯರ್ ಹೇಳಿದ ಹಳೆಯ ಲೆಕ್ಕವೊಂದಿದೆ. ಸವಾರ ಕೂತಾಗ ಟೈರಿನ ಎತ್ತರ 15% ಕುಸಿಯಬೇಕು. 28 ಎಂಎಂಗೆ ಅದು 4 ಎಂಎಂ ಚಿಲ್ಲರೆ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಮನೆಯವರ ಕೈಲಿ ಸ್ಕೇಲ್ ಕೊಟ್ಟರೆ ರಿಮ್ಮಿನಿಂದ ನೆಲದವರೆಗೆ ಅಳೆದು ನೋಡಬಹುದು. ನಯ ರಸ್ತೆಗೆ ಹೊಸಬರು ಇಲ್ಲಿಂದ ಶುರು ಮಾಡಿದರೆ ಸಾಕು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಅದು ಮೀರಬಾರದ ಮಿತಿ, ಹೊಡೆಯಬೇಕಾದ ಅಳತೆ ಅಲ್ಲ. ನಿಮ್ಮದು ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಒಳಕೊಕ್ಕೆ ಇಲ್ಲದ್ದು) ಆಗಿದ್ದರೆ ಮಿತಿ ಇನ್ನೂ ಕೆಳಗೆ: 5 ಬಾರ್, ಅಂದರೆ 72.5 ಪಿಎಸ್‌ಐ. ಅದಕ್ಕೆ 100 ಹೊಡೆಯುವುದು ಅಪಾಯವೇ.

ಬಿಸಿಲಿಗೂ ಲೆಕ್ಕ ಇದೆ. ಬೆಳಿಗ್ಗೆ 16 ಡಿಗ್ರಿ ಚಳಿಯಲ್ಲಿ 80 ಹೊಡೆದು ಹೊರಟರೆ, ಟೈರ್ 32 ಡಿಗ್ರಿಗೆ ಕಾಯುವ ಹೊತ್ತಿಗೆ ಸುಮ್ನೆ 5 ಪಿಎಸ್‌ಐ ಏರಿರುತ್ತದೆ. ಮಳೆಗಾಲದಲ್ಲಿ ನಾನು ಎರಡೂ ಕಡೆ ಮೂರ್ನಾಲ್ಕು ಇಳಿಸುತ್ತೇನೆ.

ತೂಕದಲ್ಲಿ 5 ಕೆ.ಜಿ. ವ್ಯತ್ಯಾಸ ಇದ್ದರೆ 3-4 ಪಿಎಸ್‌ಐ ಏರಿಸಿ, ಇಲ್ಲ ಇಳಿಸಿ. 25 ಎಂಎಂ ಟೈರಿನವರು ನನ್ನ ಅಳತೆಗೆ ಹತ್ತು-ಹನ್ನೆರಡು ಸೇರಿಸಿಕೊಳ್ಳಿ. ಬೆರಳಲ್ಲಿ ಒತ್ತಿ ನೋಡುವುದು ಇಲ್ಲಿ ನಡೆಯುವುದಿಲ್ಲ, 65 ಆದರೂ 100 ಆದರೂ ಬೆರಳಿಗೆ ಗಟ್ಟಿಯೇ. ಮೀಟರ್ ಇರುವ ಫ್ಲೋರ್ ಪಂಪ್ ಬೇಕು, ಯಾವಾಗಲೂ ಅದೇ ಪಂಪ್ ಬಳಸಬೇಕು, ಏಕೆಂದರೆ ಎರಡು ಪಂಪಿನ ಮೀಟರ್ ಒಂದೇ ಸಂಖ್ಯೆ ತೋರಿಸುತ್ತವೆ ಅನ್ನುವ ಖಾತ್ರಿ ಇಲ್ಲ. ಮೊದಲ ದಿನ ಸ್ವಲ್ಪ ಜಾಸ್ತಿಯೇ ಹೊಡೆದು, ಆಮೇಲೆ ಎರಡೆರಡು ಪಿಎಸ್‌ಐ ಇಳಿಸುತ್ತಾ ಹೋಗಿ. ತಿರುವಿನಲ್ಲಿ ಮುಂದಿನ ಚಕ್ರ ವಾಲಿದ ಹಾಗೆ ಅನ್ನಿಸಿದರೆ ಮೂರು ಏರಿಸಿ, ಅಲ್ಲಿಗೆ ಬಿಡಿ.